ವಾಲಂಟರಿ ಗೋಲ್‌ಕೀಪರ್

ಇಂಗ್ಲಿಷಿನ ‘ವಾಲಂಟರಿ’ ಎಂಬ ಶಬ್ದದ ಅರ್ಥ ನನಗೆ ಚೆನ್ನಾಗಿ ತಿಳಿದಿತ್ತು. ಯಾರ ಬಲವಂತವೂ ಇಲ್ಲದೆ, ಸ್ವಂತ ಇಚ್ಛೆಯಿಂದ. ನಿಘಂಟು ಕೂಡ ನನ್ನ ಪಕ್ಷದಲ್ಲಿತ್ತು. ಆದುದರಿಂದ ಎಪ್ಪತ್ತರ ದಶಕದ ಆರಂಭದಲ್ಲೊಂದು ಸೋಮವಾರ, ಕಲ್ಕತ್ತೆಯ ನಮ್ಮ ಬ್ಯಾಂಕಿನ ಸೂಚನಾ ಫಲಕದಲ್ಲಿ ‘ಭಾನುವಾರ ಜಾದವ್‌ಪುರದಲ್ಲಿ ಶಾಖೆಗಳ ನಡುವಿನ ಫುಟ್‌ಬಾಲ್ ಪಂದ್ಯ, ಭಾಗವಹಿಸುವುದು ವಾಲಂಟರಿ’ ಎಂಬುದನ್ನು ಓದಿ ನಿಶ್ಚಿಂತನಾಗಿ ಮುಂದೆ ನಡೆದೆ.

ಎರಡೇ ಹೆಜ್ಜೆ ನಡೆದೆ. ಸ್ವಇಚ್ಛೆಯಿಂದ ಮುಂದೆ ಬಂದವರ ಪಟ್ಟಿ ಆಗಲೇ ಟೈಪಾಗಿ ಪಕ್ಕದಲ್ಲಿ ಅಂಟಿತ್ತು. ಕೊನೆಯ ಹೆಸರು ನನ್ನದು. ಗೋಲ್‌ಕೀಪರ್!

“ಘೋಷ್ ಬಾಬು, ಇದು ಯಾರ ಇಚ್ಛೆ?” ಎಂದು ಪಕ್ಕದ ಮೇಜಿನ ಗುಮಾಸ್ತರನ್ನು ಕೇಳಿದೆ.

“ಇಚ್ಛೆ ಮ್ಯಾನೇಜರ್ ಸಾಹೇಬರದು, ದಾದಾ. ಹೆಸರು ಮಾತ್ರ ನಿಮ್ಮದು!”

ನಿಘಂಟನ್ನು ಉಲ್ಲೇಖಿಸಿ ಮೂರು ಪುಟಗಳ ಆಕ್ಷೇಪಣೆ ಸಲ್ಲಿಸಿದೆ. ಮ್ಯಾನೇಜರರು ಅದನ್ನು ಪೂರ್ತಿ ಓದಿ, ಮೇಜಿನ ಖಾನೆಯಿಂದ ಇನ್ನೊಂದು ಕಾಗದ ತೆಗೆದರು. ಉಡುಪಿಯಲ್ಲಿ ನಡೆಯಲಿದ್ದ ನನ್ನ ನಾದಿನಿಯ ಮದುವೆಗೆಂದು ನಾನು ಕೇಳಿದ್ದ ಹದಿನೈದು ದಿನಗಳ ರಜೆಯ ಅರ್ಜಿ!

“ಇದನ್ನು ಮಂಜೂರು ಮಾಡುವುದೂ ವಾಲಂಟರಿಯೇ, ರಾವ್ ಮೊಶಾಯ್,” ಎಂದು ನಕ್ಕರು.

ಆ ನಗುವನ್ನು ನಾನು ಇಂದಿಗೂ ಕ್ಷಮಿಸಿಲ್ಲ.

ಮನೆಯಲ್ಲಿ ಹೆಂಡತಿಯ ಮುಂದೆ ತತ್ತ್ವದ ಪ್ರಶ್ನೆ ಎತ್ತಿದೆ.

“ಎಂತ ತತ್ತ್ವ ಮಾರಾಯ್ರೆ? ಕಂಬದ ಹಾಗೆ ನಿಲ್ಲುವುದಲ್ವಾ? ನಾನು ಅಡುಗೆ ಮಾಡುವಾಗ ದಿನಾ ಮಾಡ್ತೀರಲ್ಲ! ತಂಗಿಯ ಮದುವೆ ತಪ್ಪಿದರೆ ಉಂಟು ನಿಮಗೆ.”

ಭಾನುವಾರ ಗೋಲಿನ ಮುಂದೆ ಹಾಗೆಯೇ ನಿಂತೆ. ಮೊದಲ ಚೆಂಡು ಬಂದಾಗ ಸಭ್ಯತೆಯಿಂದ ಸರಿದು ದಾರಿ ಬಿಟ್ಟೆ. ಎರಡನೆಯದು ನನ್ನ ಕನ್ನಡಕವನ್ನೂ ಸೇರಿಸಿಕೊಂಡು ಗೋಲಿನೊಳಗೆ ಹೋಯಿತು. ಅನಂತರದ ಐದನ್ನು ನಾನು ಕಾಣಲೇ ಇಲ್ಲ. ಜನರ ಕೂಗಿನಿಂದ ಎಣಿಸಿಕೊಂಡೆ.

ಮರುದಿನ ಮೆಮೊ ಬಂತು. ‘ಏಳು ಗೋಲುಗಳನ್ನೂ ತಾವು ಸೇಡಿನಿಂದ, ಬೇಕೆಂದೇ ಬಿಟ್ಟಿರೆಂಬ ಶಂಕೆಯಿದೆ. ರಜೆಯ ವಿಷಯ ತಮ್ಮ ಲಿಖಿತ ವಿವರಣೆಯ ನಂತರ.’

ಒಂದೊಂದು ಗೋಲಿಗೂ ಪ್ರತ್ಯೇಕ ಶೀರ್ಷಿಕೆ ಕೊಟ್ಟು, ಯಾವುದೂ ನನ್ನ ಇಚ್ಛೆಯಿಂದ ಆದದ್ದಲ್ಲವೆಂದು ನಾಲ್ಕು ಪುಟ ಬರೆದೆ. ಸಂಜೆ ರಜೆಯ ಅರ್ಜಿ ಮರಳಿತು. ಅಂಚಿನಲ್ಲಿ ಕೆಂಪು ಶಾಯಿಯ ಷರಾ:

‘ವಿವರಣೆಯನ್ನು ಒಪ್ಪಲಾಗಿದೆ. ಬೇಕೆಂದು ಪ್ರಯತ್ನಿಸಿದರೂ ಇಷ್ಟು ಕೆಟ್ಟದಾಗಿ ಆಡಲು ಯಾರಿಂದಲೂ ಸಾಧ್ಯವಿಲ್ಲ. ರಜೆ ಮಂಜೂರು.’

ನನ್ನ ಇಡೀ ಸೇವಾವಧಿಯಲ್ಲಿ ಮೇಲಧಿಕಾರಿಯೊಬ್ಬರು ಮರುಪ್ರಶ್ನೆಯಿಲ್ಲದೆ ನನ್ನ ವಿವರಣೆಯನ್ನು ನಂಬಿದ್ದು ಅದೊಂದೇ ಸಲ!