ನನ್ನ ಯೂನಿಯನ್, ಷಡ್ಡಕನ ಯೂನಿಯನ್

ವಿದ್ಯಾರ್ಥಿ ಸಂಘದ ಆಫೀಸಿನಲ್ಲಿ ಕೆಲಸಕ್ಕಿರುವವನಿಗೆ ನಗೆಗೆ ಬರವಿಲ್ಲ. ವಾರಕ್ಕೊಂದು ಪ್ರಸಂಗ ತಾನಾಗಿ ಬಂದು ಕೌಂಟರಿನ ಮುಂದೆ ನಿಲ್ಲುತ್ತದೆ. ತೊಂದರೆ ಏನೆಂದರೆ, ಹತ್ತರಲ್ಲಿ ಒಂಬತ್ತು ಸಲ ನಗುವವರು ಬೇರೆಯವರು.

ನಾನು ಸಿಡ್ನಿಯ ಒಂದು ವಿಶ್ವವಿದ್ಯಾಲಯದ ಸ್ಟೂಡೆಂಟ್ ಯೂನಿಯನ್‌ನಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ. ಯೂನಿಯನ್ ಅಂದರೆ ಬಸ್ಸಿಗೆ ಕಲ್ಲು ಹೊಡೆಯುವ ಸಂಘ ಅಂತ ತಿಳಿಯಬೇಡಿ. ಕ್ಲಬ್ಬುಗಳಿಗೆ ರೂಮು ಕೊಡಿಸುವುದು, ಫೇಲಾದವರಿಗೆ ಅಪೀಲು ಬರೆದುಕೊಡುವುದು, ಹಸಿದು ಬಂದವರಿಗೆ ಬೆಳಗಿನ ತಿಂಡಿ ಹಾಕುವುದು, ವರ್ಷಕ್ಕೊಮ್ಮೆ ಚುನಾವಣೆ ನಡೆಸುವುದು ಇಲ್ಲಿಯ ಕೆಲಸ. ಗೆದ್ದು ಆಳುವವರು ವಿದ್ಯಾರ್ಥಿಗಳು. ಅವರು ಹೇಳಿದ್ದನ್ನು ಮಾಡುವವರು ನಮ್ಮಂಥ ಸಂಬಳದವರು.

ಇದೇ ಕೆಲಸವನ್ನು ಮೆಲ್ಬರ್ನ್‌ನ ಇನ್ನೊಂದು ಯೂನಿವರ್ಸಿಟಿಯಲ್ಲಿ ನನ್ನ ಷಡ್ಡಕ ಮಾಡುತ್ತಾನೆ. ನನ್ನ ಹೆಂಡತಿಯ ತಂಗಿಯ ಗಂಡ. ಆ ಕೆಲಸಕ್ಕೆ ಅರ್ಜಿ ಹಾಕು ಅಂತ ಅವನಿಗೆ ಹೇಳಿದ ಮೂರ್ಖ ನಾನೇ. ಎರಡೂ ಊರಿನ ಯೂನಿಯನ್‌ಗಳು ಸೇರಿ ವರ್ಷಕ್ಕೊಮ್ಮೆ ‘ಸದಸ್ಯರ ಮೆಚ್ಚಿನ ಸಿಬ್ಬಂದಿ’ ಅಂತ ಒಂದು ಮರದ ಫಲಕ ಕೊಡುತ್ತವೆ. ಅವನಿಗೆ ಎರಡು ಸಲ ಬಂದಿದೆ. ನನಗೆ ಒಂದು ಸಲವೂ ಬಂದಿಲ್ಲ. ಸುತ್ತಿ ಬಳಸಿ ಹೇಳುವುದೇನು, ನನಗೆ ಅವನ ಮೇಲೆ ಹೊಟ್ಟೆಕಿಚ್ಚು. ನಾನು ರಿಟೈರ್ ಆಗುವುದರೊಳಗೆ ಆ ಫಲಕ ಕ್ವೇಕರ್ಸ್ ಹಿಲ್‌ನ ನಮ್ಮ ಮನೆಗೆ ಬರಬೇಕು, ಅವನು ಬಂದು ಸೋಫಾದಲ್ಲಿ ಕೂತರೆ ಎದುರಿಗೇ ಕಾಣಬೇಕು. ಇದೊಂದೇ ನನ್ನ ಆಸೆ.

೧. ಇಪ್ಪತ್ತು ವರ್ಷದ ಬಾಸ್

ನಮ್ಮಲ್ಲಿ ಪ್ರತಿವರ್ಷ ಚುನಾವಣೆ, ಹಾಗಾಗಿ ಪ್ರತಿವರ್ಷ ಹೊಸ ಬಾಸ್. ನನ್ನ ವಯಸ್ಸು ಏರುತ್ತಾ ಹೋಗುತ್ತದೆ, ಬಾಸ್ ವಯಸ್ಸು ಇಪ್ಪತ್ತಕ್ಕೇ ನಿಂತಿದೆ. ಆ ವರ್ಷ ಪ್ರೆಸಿಡೆಂಟ್ ಆಗಿದ್ದವಳು ಕಾಲೇಜು ಸೇರಿ ಎರಡನೇ ವರ್ಷದ ಹುಡುಗಿ. ಒಂದು ಬೆಳಿಗ್ಗೆ ನನ್ನ ವಾರ್ಷಿಕ ಅಪ್ರೈಸಲ್ ಮಾಡಲು ಕೂಡಿಸಿಕೊಂಡಳು.

“ಇನ್ನು ಐದು ವರ್ಷಕ್ಕೆ ನಿಮ್ಮನ್ನು ನೀವು ಎಲ್ಲಿ ನೋಡ್ತೀರ?” ಅಂದಳು.

“ಮನೆ ಹಿತ್ತಲಲ್ಲಿ, ಕರಿಬೇವಿನ ಗಿಡದ ಪಕ್ಕ,” ಅಂದೆ.

ಅವಳು ಗಂಭೀರವಾಗಿ ‘ಗುರಿ ಸ್ಪಷ್ಟವಾಗಿದೆ’ ಅಂತ ಬರೆದುಕೊಂಡಳು. ಅದರ ಕೆಳಗೆ ‘ಟೈಮ್ ಮ್ಯಾನೇಜ್‌ಮೆಂಟ್ ಸುಧಾರಿಸಬೇಕು’ ಅಂತಲೂ ಬರೆದಳು. ಹನ್ನೊಂದು ವರ್ಷದಲ್ಲಿ ನಾನು ಒಂದೂ ಟ್ರೈನ್ ತಪ್ಪಿಸಿಕೊಂಡವನಲ್ಲ. ಮೈ ಉರಿದುಹೋಯಿತು. ಮಧ್ಯಾಹ್ನ ಷಡ್ಡಕನಿಗೆ ಫೋನ್ ಮಾಡಿ ದುಃಖ ತೋಡಿಕೊಂಡೆ. ಅವನು ಪೂರ್ತಿ ಕೇಳಿಸಿಕೊಂಡು, “ಅಯ್ಯೋ ಪಾಪ, ಅಣ್ಣ. ನಮ್ಮ ಪ್ರೆಸಿಡೆಂಟು ನೋಡಿ, ‘ನೀವಿಲ್ಲದೆ ಯೂನಿಯನ್ನೇ ಇಲ್ಲ’ ಅಂತ ಕಾರ್ಡ್ ಬರೆದು ನನ್ನ ಕಂಪ್ಯೂಟರಿಗೆ ಅಂಟಿಸಿ ಹೋಗಿದ್ದಾಳೆ,” ಅಂದ. ಗಾಯಕ್ಕೆ ಉಪ್ಪನ್ನು ಅವನಷ್ಟು ಮೆತ್ತಗೆ ಯಾರೂ ಸವರಲಾರರು.

ಮೂರು ಗಂಟೆಗೆ ನಾನು ಅಪೀಲು ಬರೆದುಕೊಡುವ ಮೇಜಿನಲ್ಲಿ ಕೂತಿದ್ದೆ. ಟೋಕನ್ ಹಿಡಿದು ಎದುರಿಗೆ ಬಂದು ಕೂತವಳು ನಮ್ಮ ಪ್ರೆಸಿಡೆಂಟೇ. ಯೂನಿಯನ್ ಸದಸ್ಯೆಯಾಗಿ ಬಂದಿದ್ದಳು. ಅಸೈನ್‌ಮೆಂಟ್ ಒಂಬತ್ತು ದಿನ ತಡವಾಗಿದೆ, ವಿನಾಯಿತಿ ಕೇಳಿ ಪತ್ರ ಬರೆದುಕೊಡಬೇಕು.

“ತಡವಾಗಲು ಕಾರಣ?” ಅಂದೆ.

“ನೀವೇ ಏನಾದರೂ ಬರೀರಿ, ನೀವು ಚೆನ್ನಾಗಿ ಬರೀತೀರಂತೆ.”

ಚೆನ್ನಾಗಿಯೇ ಬರೆದೆ: ‘ಅರ್ಜಿದಾರರು ಇತರರ ಟೈಮ್ ಮ್ಯಾನೇಜ್‌ಮೆಂಟ್ ಸುಧಾರಿಸುವುದರಲ್ಲಿ ತೊಡಗಿದ್ದರು.’

೨. ಇಡ್ಲಿಯಲ್ಲಿ ಏನಿದೆ

ಒಂದು ದಿನ ನನ್ನ ಹೆಂಡತಿ ಫೋನ್ ತಂದು ಮುಖಕ್ಕೆ ಹಿಡಿದಳು. ಮೆಲ್ಬರ್ನ್‌ನಲ್ಲಿ ಷಡ್ಡಕ ಬುಧವಾರದ ಉಚಿತ ತಿಂಡಿಗೆ ಉಪ್ಪಿಟ್ಟು ಶುರು ಮಾಡಿದ್ದ. ಸೌಟು ಹಿಡಿದು ನಿಂತಿದ್ದ ಅವನ ಎದುರು ವಿದ್ಯಾರ್ಥಿಗಳ ಸಾಲು ಕಟ್ಟಡ ದಾಟಿ ಹೋಗಿತ್ತು.

“ನೀವಿನ್ನೂ ಬ್ರೆಡ್ಡೇ ಸುಡ್ತಿದ್ದೀರಾ?” ಅಂದಳು.

ಉಪ್ಪಿಟ್ಟಿಗೇ ಇಷ್ಟು ಸಾಲಾದರೆ ಇಡ್ಲಿಗೆ ಎಷ್ಟಾಗಬೇಡ ಅಂತ ಲೆಕ್ಕ ಹಾಕಿ ಮುಂದಿನ ಬುಧವಾರ ಇಡ್ಲಿ ಇಟ್ಟೆ. ಆದರೆ ನಮ್ಮ ಯೂನಿಯನ್ ನಿಯಮದ ಪ್ರಕಾರ ತಿಂಡಿಯಲ್ಲಿ ಏನೇನು ಇಲ್ಲ ಅನ್ನುವುದನ್ನು ಬರೆದು ಹಾಕಬೇಕು. ನಾನು ನಿಯಮ ಅಂದರೆ ನಿಯಮ ಅನ್ನುವವನು. ಮೊಟ್ಟೆ ಇಲ್ಲ, ಹಾಲಿಲ್ಲ, ಗೋಧಿ ಇಲ್ಲ, ಕಡಲೆಕಾಯಿ ಇಲ್ಲ, ಸೋಯಾ ಇಲ್ಲ, ಎಣ್ಣೆ ಇಲ್ಲ, ಸಕ್ಕರೆ ಇಲ್ಲ, ಬಣ್ಣ ಇಲ್ಲ. ಪಾತ್ರೆಯ ಮುಂದೆ ಎಂಟು ಚೀಟಿ ಸಾಲಾಗಿ ನಿಂತವು. ಮೊದಲು ಬಂದ ಹುಡುಗ ಎಂಟನ್ನೂ ನಿಧಾನವಾಗಿ ಓದಿ, ಇಡ್ಲಿಯನ್ನು ನೋಡಿ, “ಹಾಗಾದರೆ ಇದರಲ್ಲಿ ಉಳಿದಿರೋದು ಏನು?” ಅಂದ.

ಹೆಚ್ಚಿನವರು ಓದಿ ಮುಂದೆ ಹೋದರು. ಕೊನೆಗೆ ನಮ್ಮ ಬೀದಿಯವನೇ ಒಬ್ಬ ಕನ್ನಡದ ಹುಡುಗ ಸಾಲಿನಲ್ಲಿ ಕಂಡ. ಇವನಾದರೂ ನಾಲ್ಕು ತಿಂದು ಮರ್ಯಾದೆ ಉಳಿಸುತ್ತಾನೆ ಅಂದುಕೊಂಡು ತಟ್ಟೆ ಚಾಚಿದೆ. ಅವನು ಎರಡು ಹೆಜ್ಜೆ ಹಿಂದೆ ಸರಿದ.

“ಅಂಕಲ್, ಪ್ಲೀಸ್. ಇದನ್ನು ತಪ್ಪಿಸಿಕೊಳ್ಳೋಕೇ ನಾನು ಬೆಳಿಗ್ಗೆ ಏಳಕ್ಕೆ ಮನೆ ಬಿಡೋದು.”

೩. ಕೋರಂ

ಯೂನಿಯನ್ನಿನ ಮಹಾಸಭೆ ನಡೆಯಬೇಕಾದರೆ ನೂರು ಸದಸ್ಯರು ಕೂತಿರಬೇಕು. ನೂರು ವಿದ್ಯಾರ್ಥಿಗಳನ್ನು ಒಂದು ಕಡೆ ಕೂರಿಸುವ ಶಕ್ತಿ ಇರುವುದು ಪಿಜ್ಜಾಕ್ಕೆ ಮಾತ್ರ. ಹಿಂದಿನ ವರ್ಷ ಪಿಜ್ಜಾ ಬಾಗಿಲ ಹತ್ತಿರ ಇಟ್ಟಿದ್ದೆವು, ತೆಗೆದುಕೊಂಡವರು ಅದೇ ಬಾಗಿಲಿಂದ ಹೋದರು. ಈ ಸಲ ನಾನು ಬುದ್ಧಿ ಉಪಯೋಗಿಸಿ ಅಷ್ಟೂ ಡಬ್ಬಿಗಳನ್ನು ವೇದಿಕೆಯ ಹಿಂದಿನ ಕೋಣೆಯಲ್ಲಿಟ್ಟು ಬೀಗ ಹಾಕಿ, ‘ಎಲ್ಲ ನಿರ್ಣಯಗಳೂ ಪಾಸಾದ ಮೇಲೆ ಪಿಜ್ಜಾ’ ಅಂತ ಬೋರ್ಡು ಹಾಕಿದೆ.

ಎಣಿಸಿದೆವು. ನೂರಾ ಆರು ಜನ. ಪ್ರೆಸಿಡೆಂಟು ಸಭೆ ಶುರುವಾಯಿತು ಅಂತ ಘೋಷಿಸಿದ ಕೂಡಲೇ ಹಿಂದಿನ ಸಾಲಿಂದ ಕಾನೂನು ಓದುವ ಒಬ್ಬ ಹುಡುಗ ಎದ್ದು ನಿಂತ. “ಪಿಜ್ಜಾ ಈಗಲೇ ಹಂಚಬೇಕು ಅಂತ ನಿರ್ಣಯ ಮಂಡಿಸ್ತೀನಿ.” ಪಕ್ಕದವಳು ಅನುಮೋದಿಸಿದಳು. ನಮ್ಮ ಯೂನಿಯನ್ನಿನಲ್ಲಿ ಒಂದು ನಿರ್ಣಯ ಸರ್ವಾನುಮತದಿಂದ ಪಾಸಾದದ್ದನ್ನು ನಾನು ನೋಡಿದ್ದು ಅದೇ ಮೊದಲು. ಸದಸ್ಯರ ನಿರ್ಣಯಕ್ಕೆ ನೌಕರ ತಲೆಬಾಗಬೇಕು. ಬೀಗ ತೆಗೆದೆ. ಹತ್ತು ನಿಮಿಷದಲ್ಲಿ ಸಭೆಯಲ್ಲಿ ಪ್ರೆಸಿಡೆಂಟು, ನಾನು ಮತ್ತು ಯಾರೂ ಮುಟ್ಟದ ಅನಾನಸ್ ಪಿಜ್ಜಾದ ಒಂದು ಡಬ್ಬಿ ಉಳಿದೆವು.

ಷಡ್ಡಕನಿಗೆ ಅವತ್ತೇ ಕೋರಂ ಆಗಿತ್ತು, ಪಿಜ್ಜಾ ಇಲ್ಲದೆ. ಹೇಗಪ್ಪಾ ಅಂತ ಕೇಳಿದೆ.

“ಸುಲಭ, ಅಣ್ಣ. ‘ಸಿಬ್ಬಂದಿಯ ಮೇಲೆ ದೂರು ಇದ್ದವರು ಬಂದು ಹೇಳಬಹುದು’ ಅಂತ ಪೋಸ್ಟರ್ ಹಾಕಿದೆ. ಹಾಲ್ ತುಂಬಿಹೋಯ್ತು. ನನ್ನ ಮೇಲೆ ಒಂದೂ ದೂರು ಬರಲಿಲ್ಲ ನೋಡಿ.”

ಆ ಪೋಸ್ಟರನ್ನು ನಾನೂ ಹಾಕಬಹುದಿತ್ತು. ನಮ್ಮಲ್ಲೂ ಕೋರಂ ಆಗುತ್ತಿತ್ತು. ಸಭೆ ಮಾತ್ರ ಇನ್ನೂ ಮುಗಿದಿರುತ್ತಿರಲಿಲ್ಲ.

೪. ಗಿರಾವೀನ್‌ನ ತಾಯಿ

ಕೌಂಟರಿಗೆ ಒಬ್ಬ ಆಂಟಿ ಬಂದರು. ಸಿಡ್ನಿಯ ಗಿರಾವೀನ್ ಬಡಾವಣೆಯವರು, ಬೆಂಗಳೂರಲ್ಲಿ ಬ್ಯಾಂಕಿನಲ್ಲಿದ್ದವರು. ಅವರ ಮಗ ನಮ್ಮ ಯೂನಿಯನ್ನಿನ ವೆಲ್‌ಫೇರ್ ಆಫೀಸರ್ ಆಗಿ ಗೆದ್ದಿದ್ದ. ಅಂದರೆ ಸದಸ್ಯರ ಊಟ, ಮನೆ, ಆರೋಗ್ಯದ ಕಷ್ಟಗಳನ್ನು ನೋಡಿಕೊಳ್ಳುವವನು.

“ಅವನನ್ನ ತೆಗೆದುಹಾಕಿ,” ಅಂದರು. “ಊರವರ ಕಷ್ಟ ಎಲ್ಲಾ ನೋಡ್ತಾನೆ, ಪುಸ್ತಕ ನೋಡಲ್ಲ.”

“ಹಾಗೆಲ್ಲ ಆಗಲ್ಲಮ್ಮ. ಅವನನ್ನ ಸದಸ್ಯರು ಎಲೆಕ್ಟ್ ಮಾಡಿದ್ದಾರೆ.”

“ನಾನು ಹೆತ್ತಿದ್ದೀನಿ.”

“ಅದಕ್ಕೆ ನಮ್ಮ ಕಾನ್‌ಸ್ಟಿಟ್ಯೂಷನ್‌ನಲ್ಲಿ ಜಾಗ ಇಲ್ಲ. ಸದಸ್ಯರು ಮಾತ್ರ ಏನಾದ್ರೂ ಮಾಡಬಹುದು.”

“ಸದಸ್ಯರು ಅಂದ್ರೆ ಯಾರು?”

“ಇಲ್ಲಿ ಎನ್‌ರೋಲ್ ಆದ ಯಾರು ಬೇಕಾದ್ರೂ.”

ಇಷ್ಟು ಹೇಳಿ ನನ್ನ ಕರ್ತವ್ಯ ಮುಗಿಯಿತು ಅಂದುಕೊಂಡೆ. ಮುಂದಿನ ಸೆಮಿಸ್ಟರಿನ ಮೊದಲ ದಿನ ಆಂಟಿ ಅದೇ ಕೌಂಟರಿಗೆ ಬಂದು ಹೊಸ ಸ್ಟೂಡೆಂಟ್ ಕಾರ್ಡ್ ಇಟ್ಟರು. ಅಕೌಂಟಿಂಗ್ ಡಿಪ್ಲೊಮಾಕ್ಕೆ ಸೇರಿದ್ದರು. ನಾಲ್ಕೈದು ತಿಂಗಳಲ್ಲಿ ಕ್ಯಾಂಪಸ್ಸಿನ ಅರ್ಧ ಮಕ್ಕಳು ಅವರಿಗೆ ಆಂಟಿ ಅನ್ನತೊಡಗಿದರು. ಯಾರಿಗೆ ಮನೆ ಸಿಕ್ಕಿಲ್ಲ, ಯಾರು ಊಟ ಬಿಟ್ಟಿದ್ದಾರೆ, ಎಲ್ಲ ಅವರಿಗೆ ಗೊತ್ತು. ಚುನಾವಣೆಯಲ್ಲಿ ಮಗನ ಎದುರೇ ನಿಂತು ಅವನ ಜಾಗಕ್ಕೆ ಗೆದ್ದರು.

ಮಗ ಈಗ ಮನೆಯಲ್ಲಿ ಕೂತು ಓದುತ್ತಿದ್ದಾನೆ. ಯೂನಿಯನ್ ಕಡೆ ತಲೆ ಹಾಕುವ ಹಾಗಿಲ್ಲ, ಅಲ್ಲಿ ಅಮ್ಮ ಇದ್ದಾರೆ.

೫. ಮೂವರು ಅಭ್ಯರ್ಥಿಗಳು

ಆಂಟಿಯ ಉಪಕಾರ ದೊಡ್ಡದು. ಆ ವರ್ಷದ ಫಲಕಕ್ಕೆ ನನ್ನ ಹೆಸರನ್ನು ಸೂಚಿಸಿದವರು ಅವರೇ. ‘ನಿಯಮ ಸರಿಯಾಗಿ ತಿಳಿಸಿಕೊಡುತ್ತಾರೆ’ ಅಂತ ಬರೆದಿದ್ದರು. ಹನ್ನೊಂದು ವರ್ಷದಲ್ಲಿ ಮೊದಲ ಸಲ ನಾನು ಅಭ್ಯರ್ಥಿ. ಸಮಾರಂಭ ಮೆಲ್ಬರ್ನ್‌ನಲ್ಲಿ. ಹೆಂಡತಿಯನ್ನೂ ಕರೆದುಕೊಂಡು ಹೋದೆ. ನಾನು ಗೆಲ್ಲುವುದನ್ನು ಅವಳು ನೋಡಬೇಕಿತ್ತು, ಷಡ್ಡಕ ಸೋಲುವುದನ್ನು ನಾನು ನೋಡಬೇಕಿತ್ತು.

ಬಂದ ಪ್ರತಿನಿಧಿಗಳು, ಸಿಬ್ಬಂದಿ ಸೇರಿ ಅರವತ್ತೊಂದು ವೋಟು. ಅಭ್ಯರ್ಥಿಗಳು ಮೂವರು. ನಾನು, ಷಡ್ಡಕ, ಮತ್ತು ಷಡ್ಡಕನ ಕ್ಯಾಂಪಸ್ಸಿನದೇ ಒಂದು ನಾಯಿ. ತಮಾಷೆಯಲ್ಲ. ಪರೀಕ್ಷೆಯ ದಿನಗಳಲ್ಲಿ ಮಕ್ಕಳು ಮುಟ್ಟಿ ಸವರಿ ಸಮಾಧಾನ ಮಾಡಿಕೊಳ್ಳಲಿ ಅಂತ ಅಲ್ಲಿಯ ಯೂನಿಯನ್ ಸಾಕಿರುವ ಕಂದು ಬಣ್ಣದ ಮುದಿ ನಾಯಿ. ಅದಕ್ಕೂ ಸಿಬ್ಬಂದಿಯ ಬ್ಯಾಡ್ಜ್ ಇದೆ.

ನನಗೆ ಒಳಗೊಳಗೇ ಖುಷಿ. ಒಂದೇ ಕ್ಯಾಂಪಸ್ಸಿನಿಂದ ಇಬ್ಬರು ನಿಂತರೆ ವೋಟು ಒಡೆಯುತ್ತದೆ, ನಡುವೆ ನಾನು ಗೆಲ್ಲುತ್ತೇನೆ. ಆದರೆ ಅದು ಇಂಡಿಯಾದ ಲೆಕ್ಕ. ಇಲ್ಲಿ ಬ್ಯಾಲೆಟ್ಟಿನಲ್ಲಿ ಎಲ್ಲರಿಗೂ ಒಂದು, ಎರಡು, ಮೂರು ಅಂತ ನಂಬರ್ ಹಾಕಬೇಕು. ಕೊನೆಗೆ ಬಂದವನನ್ನು ತೆಗೆದು, ಅವನಿಗೆ ಬಿದ್ದ ವೋಟುಗಳನ್ನು ಅದೇ ಚೀಟಿಯಲ್ಲಿ ಎರಡನೇ ನಂಬರ್ ಬಿದ್ದವರಿಗೆ ಹಂಚುತ್ತಾರೆ.

ಬ್ಯಾಲೆಟ್ ಹಿಡಿದು ನಿಂತೆ. ಒಂದನೇ ನಂಬರಿಗೆ ಯೋಚನೆಯೇ ಬೇಕಿರಲಿಲ್ಲ, ನನಗೇ ಹಾಕಿಕೊಂಡೆ. ಎರಡನೇ ನಂಬರ್ ಷಡ್ಡಕನಿಗೋ ನಾಯಿಗೋ? ಎಷ್ಟಾದರೂ ಸಂಬಂಧಿಕ. ಅವನ ಮನೆಯಲ್ಲೇ ಇಳಿದುಕೊಂಡಿದ್ದೇವೆ, ಬೆಳಿಗ್ಗೆ ಅವನೇ ಫಿಲ್ಟರ್ ಕಾಫಿ ಮಾಡಿ ಕೊಟ್ಟಿದ್ದಾನೆ. ಆದರೆ ಅವನಿಗೆ ಮೂರನೇ ಸಲ ಬಂದರೆ ನಾನು ಹೇಗೆ ಬದುಕಲಿ? ಆ ಕಡೆ ಈ ಕಡೆ ನೋಡಿ, ನಾಯಿಗೆ ಎರಡು ಹಾಕಿ ಪೆಟ್ಟಿಗೆಗೆ ತುರುಕಿದೆ.

ಫಲಿತಾಂಶ ಓದಿದರು. ಮೊದಲ ಸುತ್ತು: ನಾಯಿ ಇಪ್ಪತ್ತನಾಲ್ಕು, ಷಡ್ಡಕ ಇಪ್ಪತ್ತು, ನಾನು ಹದಿನೇಳು. ನಾಯಿಗಿಂತ ಏಳು ಕಮ್ಮಿ ಬಂದು ನಾನು ಹೊರಗೆ. ನನ್ನ ಹದಿನೇಳನ್ನು ಹಂಚಿದರು. ನಾಯಿ ಮೂವತ್ತೊಂದು, ಷಡ್ಡಕ ಮೂವತ್ತು. ಒಂದೇ ಒಂದು ವೋಟಿನಿಂದ ನಾಯಿ ಗೆದ್ದಿತು. ಆ ಒಂದು ವೋಟು ಯಾರದೆಂದು ಇಡೀ ಸಭೆಯಲ್ಲಿ ನನಗೊಬ್ಬನಿಗೆ ಗೊತ್ತಿತ್ತು. ನಾಚಿಕೆಯೂ ಆಯಿತು, ಸುಳ್ಳೇಕೆ ಹೇಳಲಿ, ತಂಪೂ ಆಯಿತು.

ತಂಪು ಎರಡು ನಿಮಿಷವೂ ಉಳಿಯಲಿಲ್ಲ. ನಾಯಿ ತಾನಾಗಿ ವೇದಿಕೆ ಹತ್ತುತ್ತದೆಯೇ? ಅದರ ಹಗ್ಗ ಹಿಡಿದು ಹತ್ತಿದವನು ಷಡ್ಡಕ. ಫಲಕ ಕೈಯಲ್ಲಿ ತೆಗೆದುಕೊಂಡವನು ಷಡ್ಡಕ. ನಾಯಿಯ ಪರವಾಗಿ ನಾಲ್ಕು ಮಾತು ಆಡಿ ಎಲ್ಲರನ್ನೂ ನಗಿಸಿದವನೂ ಅವನೇ. ಫಲಕ ಎದೆಗೆ ಹಿಡಿದ ಅವನ ಫೋಟೋ ಮನೆಯವರ ವಾಟ್ಸಾಪ್ ಗುಂಪಿಗೆ ಹೋಯಿತು. ನಾಯಿ ಫೋಟೋದಲ್ಲಿ ಅರ್ಧ ಮಾತ್ರ ಇತ್ತು.

ಮಧ್ಯಾಹ್ನ ಬಾಕ್ಸ್ ಹಿಲ್‌ನ ಅವನ ಅಪಾರ್ಟ್‌ಮೆಂಟಿನಲ್ಲಿ ಊಟಕ್ಕೆ ಕೂತೆವು. ವಾರಾಂತ್ಯಕ್ಕೆ ನಾಯಿಯನ್ನು ಅವನೇ ಮನೆಗೆ ಕರೆತರುತ್ತಾನಂತೆ, ಅದು ಮೇಜಿನ ಕೆಳಗೆ ಮಲಗಿತ್ತು. ಷಡ್ಡಕ ಸಾರು ಕಲಸುತ್ತಾ ಹೇಳಿದ:

“ಒಂದು ವೋಟಲ್ಲಿ ಹೋಯ್ತು, ಪರವಾಗಿಲ್ಲ. ಆದ್ರೆ ಅಣ್ಣ, ನಾನು ಒಂದನೇ ನಂಬರ್ ನಿಮಗೇ ಹಾಕಿದ್ದೆ. ಎರಡನೇದು ಮಾತ್ರ ನನಗೆ.”

ನಾನು ಬೇಡದಿದ್ದರೂ ಇನ್ನೊಂದು ಸೌಟು ಸಾರು ಹಾಕಿಕೊಂಡೆ. ಹೆಂಡತಿ ನನ್ನ ಕಡೆ ತಿರುಗಿದಳು.

“ಒಂದನೇದು ನೀವೇ ಹಾಕ್ಕೊಂಡಿರ್ತೀರ, ಅದು ಬಿಡಿ. ಎರಡನೇದು ಯಾರಿಗೆ ಹಾಕಿದ್ರಿ?”

“ಗುಪ್ತ ಮತದಾನ ಕಣೇ,” ಅಂದೆ. “ನಾನು ಹನ್ನೊಂದು ವರ್ಷದಿಂದ ಎಲೆಕ್ಷನ್ ನಡೆಸೋನು. ಅದನ್ನೆಲ್ಲ ಹೊರಗೆ ಹೇಳಬಾರದು. ಪ್ರಜಾಪ್ರಭುತ್ವ ನಿಂತಿರೋದೇ ಅದರ ಮೇಲೆ.”

ಅವಳು ಎದ್ದು ಒಬ್ಬಟ್ಟಿನ ತಟ್ಟೆ ಎತ್ತಿಕೊಂಡಳು. ಮೊದಲು ತಂಗಿಯ ಗಂಡನಿಗೆ ಎರಡು ಬಡಿಸಿದಳು. ಆಮೇಲೆ ಬಗ್ಗಿ, ಮೇಜಿನ ಕೆಳಗಿದ್ದ ನಾಯಿಗೆ ಒಂದು ಹಾಕಿದಳು. ಮೂರನೆಯವನಾಗಿ ನಾನು ತಟ್ಟೆ ಮುಂದೆ ಮಾಡಿದೆ.

“ನೀವು ಮೊದಲನೇ ರೌಂಡಲ್ಲೇ ಔಟ್,” ಅಂದು ಉಳಿದದ್ದನ್ನು ಒಳಗೆ ತೆಗೆದುಕೊಂಡು ಹೋದಳು.