ಅಪ್ಪನ ರೇಡಿಯೋ, ಅಮ್ಮನ ಮೊಸರು

ರಿಪೇರಿ ಅಂಗಡಿಯವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಡಾಕ್ಟರಾದರೂ ಹೊಟ್ಟೆ ಕೊಯ್ಯುವ ಮುಂಚೆ ಒಂದು ಕಾಗದಕ್ಕೆ ರುಜು ಹಾಕಿಸಿಕೊಳ್ಳುತ್ತಾರೆ. ಈ ಮಹಾನುಭಾವರು ಒಂದು ಮಾತೂ ಕೇಳದೆ ಬಿಚ್ಚಿ, ಬೇಕಾದ್ದನ್ನು ಕಿತ್ತು, ಬೇಡದ್ದನ್ನು ತುರುಕಿ, ಸ್ಕ್ರೂ ತಿರುಗಿಸಿ ಕೈಗಿಡುತ್ತಾರೆ. ನಾವೋ, ಹಲ್ಲು ಕಿರಿದು ಥ್ಯಾಂಕ್ಸ್ ಹೇಳಿ ಬರುತ್ತೇವೆ. ಹಾಗೆ ಬಂದವರಲ್ಲಿ ನಾನೂ ಒಬ್ಬ ಎಂದು ಮೊದಲೇ ಹೇಳಿಬಿಟ್ಟರೆ ಮುಂದೆ ನಾಚಿಕೆ ಸ್ವಲ್ಪ ಕಡಿಮೆಯಾದೀತು.

ಕೃಷ್ಣಮೂರ್ತಿಪುರಂನ ನಮ್ಮ ಮನೆಯಲ್ಲಿ ಅಪ್ಪ ಬಿಟ್ಟುಹೋದ ಒಂದು ವಾಲ್ವ್ ರೇಡಿಯೋ ಇದೆ. ತೊಂಬತ್ತರ ದಶಕದ ಕೊನೆಗೆ ಊರಿಗೆಲ್ಲ ಸಿ.ಡಿ. ಪ್ಲೇಯರ್ ಬಂದರೂ ನಾನು ಬಗ್ಗಲಿಲ್ಲ. ನಮ್ಮ ಆಫೀಸಿನ ಶ್ರೀಕಂಠ ಹೊಸ ಸ್ಟೀರಿಯೋ ಕೊಂಡು ಸರಸ್ವತಿಪುರಂನ ತನ್ನ ಮನೆಗೆ ಎಲ್ಲರನ್ನೂ ಕರೆದಾಗ, ಅವನದೇ ಕಾಫಿ ಕುಡಿಯುತ್ತ, "ತಗಡು ಬಡಿದ ಹಾಗಿದೆಯಪ್ಪ, ನಾದ ಅಂದ್ರೆ ವಾಲ್ವು" ಎಂದು ಹೇಳಿ ಬಂದವನು ನಾನು. ಗಾಜಿನ ಬುರುಡೆಯಂಥ ಆ ವಾಲ್ವುಗಳು ಚೆನ್ನಾಗಿ ಕಾದ ಮೇಲೆಯೇ ರೇಡಿಯೋ ಬಾಯಿ ಬಿಡುವುದು. ಆ ಕಾವನ್ನು ಅಮ್ಮ ದಂಡ ಮಾಡಿದವಳಲ್ಲ. ಚಳಿಗಾಲ ಬಂತೆಂದರೆ ಸಂಜೆ ಹಾಲಿಗೆ ಹೆಪ್ಪು ಹಾಕಿ, ಪಾತ್ರೆಯನ್ನು ರೇಡಿಯೋದ ನೆತ್ತಿಯ ಮೇಲೆ ಇಟ್ಟುಬಿಡುತ್ತಿದ್ದಳು. ಅಪ್ಪನ ಕಾಲದಿಂದ ನಡೆದುಬಂದ ಪದ್ಧತಿ. ಸಂಗೀತಕ್ಕೆ ಅಪಚಾರ ಎಂದು ನಾನು ಕೂಗಾಡಿದ್ದಕ್ಕೆ ಲೆಕ್ಕವಿಲ್ಲ.

ಇಂಥ ರೇಡಿಯೋ ಒಂದು ದಿನ ಗೊರಗೊರ ಎಂದು ಸುಮ್ಮನಾಯಿತು. ಅಮ್ಮ ಊಟವನ್ನೇ ಸರಿಯಾಗಿ ಮಾಡಲಿಲ್ಲ. "ಅವರು ಹೋದ್ಮೇಲೆ ಮನೇಲಿ ಅವರ ಥರ ಗೊಣಗ್ತಾ ಇದ್ದಿದ್ದು ಅದೊಂದೇ ಕಣೋ, ಹೇಗಾದ್ರೂ ಸರಿಮಾಡಿಸು" ಎಂದಳು. ನಜರ್‌ಬಾದ್‌ನ ಪುಟ್ಟಸ್ವಾಮಿಯ ಅಂಗಡಿಗೆ ಹೊತ್ತುಕೊಂಡು ಹೋದೆ. ಎರಡು ತಿಂಗಳು ನಾಳೆ ಬನ್ನಿ, ನಾಡಿದ್ದು ಬನ್ನಿ ಎಂದು ಅಲೆಸಿ, ಕೊನೆಗೆ ಕೊಟ್ಟ. ಅಂಗಡಿಯಲ್ಲೇ ಸ್ವಿಚ್ ಹಾಕಿದ ತಕ್ಷಣ ಹಾಡಿತು! ಮೊದಲೆಲ್ಲ ಅರ್ಧ ನಿಮಿಷ ಕಾಯಬೇಕಿತ್ತು. ರಿಪೇರಿ ಅಂದರೆ ಹೀಗಿರಬೇಕು ಎಂದುಕೊಂಡೆ. ಮುಂದಿನ ಭಾನುವಾರ ಶ್ರೀಕಂಠನನ್ನು ಕರೆದು ಕೂರಿಸಿ, ವಾಲ್ವಿನ ನಾದದ ಮೇಲೆ ಒಂದು ಗಂಟೆ ಭಾಷಣ ಬಿಗಿದೆ. ಪಾಪ, ಅವನೂ ತಲೆ ಆಡಿಸಿದ.

ಚಳಿ ಶುರುವಾದ ಅದೇ ವಾರ ಮನೆಯಲ್ಲಿ ಮೊಸರು ಕೈಕೊಟ್ಟಿತು. ಬೆಳಿಗ್ಗೆ ನೋಡಿದರೆ ಪಾತ್ರೆಯಲ್ಲಿ ಹಾಲು ಹಾಲಾಗಿಯೇ ಇರುತ್ತಿತ್ತು. ನೀರು ಬೆರೆಸುತ್ತೀಯಾ ಎಂದು ಹಾಲಿನವನ ಮೇಲೆ ರೇಗಿದೆ. ಅವನು ಎರಡು ದಿನ ನಮ್ಮ ಬೀದಿಗೇ ಬರಲಿಲ್ಲ. ಹೆಪ್ಪು ಸರಿಯಿಲ್ಲ ಎಂದು ಹೆಂಡತಿ ಸುಮಿತ್ರಳಿಗೆ ಹೇಳಿದೆ. ಅವಳು ಎರಡು ದಿನ ಮಾತು ಬಿಟ್ಟಳು. ಕೊನೆಗೆ ಅಮ್ಮ ನನ್ನ ಕೈ ಹಿಡಿದು ರೇಡಿಯೋದ ಮೇಲಿಟ್ಟಳು. "ಹಾಲಿಗೇನೂ ಆಗಿಲ್ಲ ಕಣೋ. ಇದೇ ತಣ್ಣಗೆ ಕೂತಿದೆ, ನೋಡು. ಇದು ನಿಮ್ಮಪ್ಪನ ರೇಡಿಯೋ ಅಲ್ಲ."

ಹಿಂದಿನ ಹಲಗೆ ಬಿಚ್ಚಿದೆ. ಒಂದು ವಾಲ್ವೂ ಇಲ್ಲ! ಅಷ್ಟು ದೊಡ್ಡ ಪೆಟ್ಟಿಗೆಯೊಳಗೆ ಬಿಸ್ಕತ್ತಿನಷ್ಟಗಲದ ಒಂದು ಟ್ರಾನ್ಸಿಸ್ಟರ್ ಬೋರ್ಡು ನೇತಾಡುತ್ತಿತ್ತು. ನನ್ನ ಕೋಪ ನೆತ್ತಿಗೇರಿತು. ವಾಲ್ವುಗಳನ್ನು ಯಾರಿಗಾದರೂ ಮಾರಿಬಿಟ್ಟಿದ್ದರೆ ಅಮ್ಮನಿಗೆ ಏನು ಹೇಳಲಿ? ರೇಡಿಯೋವನ್ನು ಆಟೋಗೆ ಹಾಕಿದೆ. ಬೇಡವೆಂದರೂ ಕೇಳದೆ ಅಮ್ಮನೂ ಹತ್ತಿ ಕೂತಳು.

"ಏನ್ರೀ ಪುಟ್ಟಸ್ವಾಮಿ, ಇದು ರಿಪೇರೀನಾ? ಹಗಲು ದರೋಡೆ!" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದೆ.

ಅವನು ಕನ್ನಡಕ ಸರಿಮಾಡಿಕೊಂಡ. "ಒಂದು ವಾಲ್ವು ಹೋಗ್ಬುಟ್ಟಿತ್ತು ಸಾರ್, ಎಲ್ಲೂ ಸಿಕ್ನಿಲ್ಲ. ನೀವು ದಿನಾ ಬಂದು ತಲೆ ತಿಂತಿದ್ರಿ. ಬೋರ್ಡು ಕೂರ್ಸ್‌ಬುಟ್ಟೆ."

"ಹೇಳೋದು ಬೇಡ್ವೇನ್ರೀ?"

"ಹೇಳೋಣ ಅಂತಲೇ ಇದ್ದೆ. ಸ್ವಿಚ್ ಹಾಕ್ತಿದ್ದಂಗೇ ನೀವು ಕಣ್ಣು ಮುಚ್ಕೊಂಡು, 'ಆಹಾ, ಇದಪ್ಪ ವಾಲ್ವಿನ ನಾದ' ಅಂದ್ಬುಟ್ರಿ. ತಿಳಿದೋರಿಗೆ ಎದುರು ಮಾತಾಡೋದು ಎಂಗೆ ಅಂತ ಸುಮ್ನಾದೆ. ಈಗ ಎಂಗೆ ಗೊತ್ತಾಯ್ತು ಸಾರ್?"

"ಕಿವಿ ಇಲ್ವೇನ್ರೀ ನನಗೆ?" ಎಂದೆ, ಗತ್ತಿನಿಂದ.

"ಇವನಿಗೆಲ್ಲಿ ಗೊತ್ತಾಗತ್ತೆ?" ಎಂದಳು ಅಮ್ಮ ಆಟೋದಿಂದ ಇಳಿಯುತ್ತ. "ಮೊಸರು ಹೆಪ್ಪಾಗ್ಲಿಲ್ಲ ಕಣಪ್ಪ."

ಪುಟ್ಟಸ್ವಾಮಿ ಎದ್ದು ನಿಂತ. ಒಳಗಿನಿಂದ ಒಂದು ಡಬ್ಬಿ ತಂದು ಅಮ್ಮನ ಮುಂದಿಟ್ಟ. ಹತ್ತಿ ಸುತ್ತಿದ ವಾಲ್ವುಗಳು, ಹಾಗೇ ಇದ್ದವು. "ಎಸೆಯಕ್ಕೆ ಮನಸ್ಸು ಬರ್ನಿಲ್ಲ ಕಣಮ್ಮ. ಹೋಗಿರೋದು ಒಂದೇ, ಎಲ್ಲಿದ್ರೂ ಹುಡುಕಿ ಹಾಕ್ಕೊಡ್ತೀನಿ" ಎಂದ. ಅಮ್ಮ ಒಂದೊಂದನ್ನೂ ಸೆರಗಿನಿಂದ ಒರೆಸಿ ಇಟ್ಟಳು. ಅವಳ ಕಣ್ಣು ತುಂಬಿತ್ತು. ಇಷ್ಟು ಹೊತ್ತು ಕೂಗಾಡಿದ ನಾನು ಆಟೋದಿಂದ ರೇಡಿಯೋ ಇಳಿಸಿ ಅಂಗಡಿಯೊಳಗೆ ಇಟ್ಟೆ.

ಹೊರಡುವಾಗ ಪುಟ್ಟಸ್ವಾಮಿ ನನ್ನನ್ನು ಕರೆದು ಹೇಳಿದ: "ರೆಡಿಯಾದಾಗ ಹೇಳಿ ಕಳಿಸ್ತೀನಿ ಸಾರ್. ಸರಿಯಾಗೈತಾ ಅಂತ ನೋಡಕ್ಕೆ ಅಮ್ಮಾವ್ರನ್ನೇ ಕರ್ಕೊಂಡ್ ಬನ್ನಿ. ನೀವು ಬರೋದಾದ್ರೆ, ಹಾಲಿನ ಪಾತ್ರೆ ಹಿಡ್ಕೊಂಡ್ ಬನ್ನಿ."

ಹಿಡಿದುಕೊಂಡೇ ಹೋದೆ.