ಸ್ವಿಚ್‌ಬೋರ್ಡ್ ಬಿಟ್ಟು ಉಳಿದ ಮನೆ ಮಾರಾಟಕ್ಕಿದೆ

ಆ ಭಾನುವಾರ ನಮ್ಮವರು ಹಾಲ್‌ನಲ್ಲಿ ಸ್ಟೂಲ್ ಹತ್ತಿ, ಬಾಯಲ್ಲಿ ಎರಡು ಸ್ಕ್ರೂ ಕಚ್ಚಿಕೊಂಡು, ಹೊಸದೊಂದು ಸ್ವಿಚ್ ಕೂರಿಸುತ್ತಿದ್ದರು.

"ಇದ್ದವು ಸಾಲಂಗಿಲ್ಲೇನ್ರಿ? ಮತ್ತೇನ್ ಮಾಡಾಕತ್ತೀರಿ?" ಎಂದೆ.

"ನಿನಗ ತಿಳಿಯಂಗಿಲ್ಲ. ಚಾ ಇಡು."

ಸ್ಕ್ರೂ ನುಂಗದೆ ಇಷ್ಟು ಮಾತಾಡಿದ್ದೇ ದೊಡ್ಡದು! ಚಾ ಇಟ್ಟೆ. ಮರುದಿನ ಆಫೀಸಿನಲ್ಲಿ ಎದೆ ಹಿಡಿದುಕೊಂಡು ಕುಳಿತವರು ಮತ್ತೆ ಏಳಲಿಲ್ಲ.

ವರ್ಷ ಕಳೆದ ಮೇಲೆ ಹೈದರಾಬಾದಿನದೇ ಇನ್ನೊಂದು ತುದಿಯ ಮಿಯಾಪುರದಿಂದ ತಂಗಿ ಕಮಲಾ ಫೋನ್ ಮಾಡಿದಳು. "ಅಕ್ಕಾ, ನಮ್ಮ ಎದುರಿನ ಫ್ಲ್ಯಾಟ್ ಖಾಲಿ ಐತಿ. ದಸರಾ ತನಕ ಕಾಯ್ತಾರಂತ. ಆ ಮನಿ ಮಾರಿ ಬಂದುಬಿಡು. ಒಬ್ಬಾಕಿ ಎಷ್ಟು ದಿನ ಇರ್ತಿ?"

ಒಬ್ಬಳೇ ಊಟಕ್ಕೆ ಕೂರುವುದು ನನಗೂ ಸಾಕಾಗಿತ್ತು. ಸಾಫ್ಟ್‌ವೇರ್ ಕಂಪನಿಗಳು ಬಂದು ಹೈದರಾಬಾದಿನಲ್ಲಿ ಕಂಡವರೆಲ್ಲ ಮನೆ ಕೊಳ್ಳುತ್ತಿದ್ದ ಕಾಲ. ನಾರಾಯಣಗೂಡದ ನಮ್ಮ ಮೂರು ಕೋಣೆಯ ಮನೆ ಮಾರುವುದೇನು ಮಹಾ ಎಂದುಕೊಂಡೆ.

ಎಲ್ಲರೂ ಕೊಳ್ಳುತ್ತಿದ್ದುದು ನಿಜ. ಲಿಫ್ಟ್ ಇರುವ ಮನೆಗಳನ್ನು! ನಾಲ್ಕು ತಿಂಗಳು ನಮ್ಮ ಗೇಟು ತೆರೆದದ್ದು ಹಾಲಿನವನಿಗೆ ಮಾತ್ರ.

ಕೊನೆಗೆ ಲಿಂಗಸುಗೂರು ಕಡೆಯ ಬ್ರೋಕರ್ ಅಮರಪ್ಪ ಶುಭವಾರ್ತೆ ತಂದ. "ಅಕ್ಕಾರ, ನಾಳೆ ಮನಿ ನೋಡಾಕ ಪಾರ್ಟಿ ಬರ್ತೈತಿ. ಎಲ್ಲಾ ಲೈಟ್ ಹಚ್ಚಿ ಇಡ್ರಿ. ಬೆಳಕಿದ್ರ ಮನಿ ದೊಡ್ಡದು ಕಾಣ್ತೈತಿ."

ಹಾಲ್‌ನ ಬೋರ್ಡಿನಲ್ಲಿ ಹತ್ತೊಂಬತ್ತು ಸ್ವಿಚ್ಚುಗಳಿದ್ದವು. ನನಗೆ ಗೊತ್ತಿದ್ದವು ನಾಲ್ಕು. ವರ್ಷವಿಡೀ ಆ ನಾಲ್ಕರಲ್ಲೇ ಸಂಸಾರ ನಡೆಸಿದ್ದೆ. ಮರುದಿನ ಪಾರ್ಟಿ ಗೇಟಿಗೆ ಬಂದಾಗ, ಇರಲಿ ಎಂದು ಹತ್ತೊಂಬತ್ತನ್ನೂ ಒತ್ತಿದೆ.

ಲೈಟು ಹತ್ತಿದವು. ಜೊತೆಗೆ ಬಾಗಿಲ ಗಂಟೆ ತಾನಾಗಿ ಹೊಡೆದುಕೊಳ್ಳತೊಡಗಿತು. ನೀರಿನ ಮೋಟರೂ ಶುರುವಾಯಿತು! ಅದರ ಸ್ವಿಚ್ ಹಿತ್ತಿಲಲ್ಲಿತ್ತು. ಒಳಗೂ ಒಂದಿದೆಯೆಂದು ಯಾರಿಗೆ ಗೊತ್ತು? ತುಂಬಿದ್ದ ಟ್ಯಾಂಕು ಉಕ್ಕಿ, ಮೆಟ್ಟಿಲ ಮೇಲೆ ನಿಂತಿದ್ದ ಪಾರ್ಟಿಯ ಹೆಂಡತಿಗೆ ಪೂರ್ಣಾಭಿಷೇಕವಾಯಿತು.

"ಮಳಿಗಾಲದಾಗ ಮನಿ ಸೋರ್ತೈತೇನ್ರಿ?" ಎಂದರು ಆಕೆಯ ಗಂಡ, ಬಹಳ ಮರ್ಯಾದೆಯಿಂದ. ಹೊರಗೆ ಸುಡುಬಿಸಿಲು!

ಎರಡನೇ ಸಲ ನಾನು ಸಿದ್ಧಳಾಗಿದ್ದೆ. ಒಂದೊಂದಾಗಿ ಒತ್ತಿ ನೋಡಿ ಪ್ರತಿ ಸ್ವಿಚ್ಚಿಗೂ ಚೀಟಿ ಅಂಟಿಸಿದೆ: 'ಹಾಲ್', 'ಅಡುಗೆಮನೆ', 'ಮೋಟರ್, ಮುಟ್ಟಬಾರದು'. ಒತ್ತಿದರೂ ಏನೂ ಆಗದ ಏಳಕ್ಕೆ ಪ್ರಾಮಾಣಿಕವಾಗಿ 'ಗೊತ್ತಿಲ್ಲ' ಎಂದು ಬರೆದೆ. ಬಂದ ಸಾಫ್ಟ್‌ವೇರ್ ದಂಪತಿಗೆ ಕನ್ನಡ ಬಾರದು. ಒಂದೊಂದನ್ನೇ ತೋರಿಸಿ ಅರ್ಥ ಕೇಳಿದರು. ಏಳು ಸಲ ತೆಲುಗಿನಲ್ಲೂ ಗೊತ್ತಿಲ್ಲವೆಂದೇ ಹೇಳಿದೆ: "ತೆಲೀದು."

ಆ ಹುಡುಗಿ ಗಂಡನ ಮುಖ ನೋಡಿದಳು. "ಆಂಟೀ, ಇಲ್ಲು ಮೀದೇನಾ?" ಮನೆ ನಿಮ್ಮದೇ ತಾನೇ ಎಂದು!

ಗಾಬರಿಯಲ್ಲಿ ತೆಲುಗು ಮರೆತೇಹೋಯಿತು. "ಮನಿ ನಂದ. ಸ್ವಿಚ್ ಅವರವು," ಎಂದೆ. ದಂಪತಿ ಮನೆಯ ಪತ್ರಗಳನ್ನೂ ನೋಡದೆ ಹೊರಟುಹೋದರು.

ಮೂರನೆಯವರು ಕೋಠಿ ಬಜಾರಿನಲ್ಲಿ ಔಷಧಿ ಅಂಗಡಿ ಇಟ್ಟಿದ್ದ ಕಲಬುರಗಿಯ ಹಿರಿಯರು. ಮನೆ ಸುತ್ತಿ ಬಂದು ಬೋರ್ಡಿನ ಮುಂದೆ ನಿಂತು ನಕ್ಕರು.

"ಇದನ್ನ ಯಾರ್ ಮಾಡಿದ್ರೋ, ಪುಣ್ಯಾತ್ಮ! ಇರ್ಲಿ, ಮನಿ ಪಸಂದ್ ಬಂತು. ಈ ವೈರಿಂಗೆಲ್ಲಾ ಕಿತ್ತು ಒಗದು, ಹೊಸಾದು ಹಾಕಸ್ತೀನಿ."

ಅವರ ಹಿಂದೆ ನಿಂತ ಅಮರಪ್ಪ 'ಹ್ಞೂಂ ಅನ್ರಿ' ಎಂದು ಕಣ್ಣು, ಹುಬ್ಬು, ಕತ್ತು ಎಲ್ಲದರಿಂದಲೂ ಸನ್ನೆ ಮಾಡಿದ. ನಾನೂ ಹ್ಞೂಂ ಅನ್ನಲೆಂದೇ ಬಾಯಿ ತೆರೆದೆ.

"ಬೋರ್ಡ್ ಬಿಟ್ಟು ಮಾರ್ತೀನ್ರಿ."

"ಬಿಟ್ಟು ಅಂದ್ರ?"

"ಮನಿ ನಿಮ್ಮದ. ಬೋರ್ಡ್ ಅಲ್ಲೇ ಇರ್ಲಿ. ಕೀಳಬ್ಯಾಡ್ರಿ."

"ಎಷ್ಟು ದಿವಸ್ರಿ, ತಾಯಿ?"

ಅದನ್ನು ನಾನು ಯೋಚಿಸಿರಲಿಲ್ಲ. ಅವರು ಕೈ ಮುಗಿದು ಚಪ್ಪಲಿ ಮೆಟ್ಟಿದರು.

"ಅಕ್ಕಾರ, ಬ್ರಹ್ಮದೇವ್ರು ಬಂದ್ರೂ ಈ ಮನಿ ಮಾರಾಕ ಆಗಂಗಿಲ್ಲ!" ಎಂದು ಅಮರಪ್ಪ ಅವರ ಹಿಂದೆಯೇ ಓಡಿದ. ನಗರಕ್ಕೆ ನಗರವೇ ಕೊಂಡು ಮಾರುತ್ತಿದ್ದಾಗ ಒಂದೂ ಇಟ್ಟಿಗೆ ಮಾರಲಾಗದ ಕೀರ್ತಿ ನನ್ನದಾಯಿತು.

ದಸರಾ ಮುಗಿಯಿತು. ಕಮಲಾಳ ಎದುರಿನ ಫ್ಲ್ಯಾಟಿಗೆ ಬೇರೆ ಯಾರೋ ಬಂದರು. ಏಳು ಚೀಟಿಗಳ ಮೇಲೆ ಇನ್ನೂ 'ಗೊತ್ತಿಲ್ಲ' ಎಂದೇ ಇದೆ. ಯಾವುದು ಯಾವುದರದೆಂದು ಹೇಳಲು ನಮ್ಮವರಿಲ್ಲ.